ಗ್ಯಾಸ್ ಡಬ್ಬಿ ಹಾರ್ನ್: ಸದ್ದು ಜೋರು, ಆಯುಷ್ಯ ಕಮ್ಮಿ

ಐದಕ್ಕೆ ಮೂರು ಅಂಕ. ಕಾಸರಗೋಡಿನ ಕಸಬಾ, ಮಂಜೇಶ್ವರ ಕಡೆಯ ಸಣ್ಣ ಔಟ್‌ಬೋರ್ಡ್ ದೋಣಿಗೆ ಕೈಯಲ್ಲಿ ಹಿಡಿದು ಒತ್ತುವ ಈ ಹಾರ್ನ್ ಸಾಕೇ ಎಂದರೆ, ಇದೊಂದೇ ಸಾಲದು.

ಡೆಸಿಬೆಲ್ ಓದುವ ಮುಂಚೆ ಸೆಕೆಂಡು ಲೆಕ್ಕ ಹಾಕಿ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮದಂತೆ ಮಂಜಿನಲ್ಲಿ ಸಾಗುತ್ತಿರುವ ಎಂಜಿನ್ ದೋಣಿ ಎರಡು ನಿಮಿಷಕ್ಕೊಮ್ಮೆಯಾದರೂ ಒಂದು ದೀರ್ಘ ಕೂಗು ಹಾಕಬೇಕು. ದೀರ್ಘ ಎಂದರೆ 4ರಿಂದ 6 ಸೆಕೆಂಡು. ಹಾಗಾದರೆ ಗಂಟೆಗೆ 30 ಕೂಗು, ತಲಾ ಐದು ಸೆಕೆಂಡಿನಂತೆ ಸುಮಾರು 150 ಸೆಕೆಂಡು ಗ್ಯಾಸ್ ಬೇಕು. ಬಲೆ ಬಿಟ್ಟಿದ್ದರೆ ಒಂದು ದೀರ್ಘ, ತಲಾ ಒಂದು ಸೆಕೆಂಡಿನ ಎರಡು ಚಿಕ್ಕ. ಆಗ 210 ಸೆಕೆಂಡು. ಡಬ್ಬಿಯ ಮೇಲೆ ‘200 ಸಲ’ ಎಂದು ಬರೆದಿದ್ದರೆ ಅದು ಒಂದೊಂದು ಸೆಕೆಂಡಿನ ಕೂಗಿನ ಎಣಿಕೆಯೋ ಎಂದು ಅಂಗಡಿಯಲ್ಲೇ ಕೇಳಿ. ಹೌದಾದರೆ ಬಲೆ ಎಳೆಯುವಷ್ಟರಲ್ಲೇ ಡಬ್ಬಿ ಖಾಲಿ. ಲಂಗರು ಹಾಕದೆ, ಮುಂದಕ್ಕೂ ಸಾಗದೆ ನೀರಿನಲ್ಲಿ ನಿಂತಿದ್ದರೆ ಎರಡು ದೀರ್ಘ ಕೂಗು, ನಡುವೆ ಎರಡು ಸೆಕೆಂಡು ಬಿಡುವು. ಹೆದ್ದಾರಿ ಬಸ್ಸಿನಂತೆ ಪೀಂ ಪೀಂ ಒತ್ತಿದರೆ ಗ್ಯಾಸ್ ದಂಡ, ಅರ್ಥವೂ ಇಲ್ಲ. ಬಲಕ್ಕೆ ಒಂದು, ಎಡಕ್ಕೆ ಎರಡು ಚಿಕ್ಕ ಕೂಗು ಎಂಬ ಸಂಕೇತ ದೋಣಿಗಳು ಪರಸ್ಪರ ಕಣ್ಣಿಗೆ ಕಂಡಾಗ ಮಾತ್ರ.

ಬಿಡದೆ ಒತ್ತಿದರೆ ಡಬ್ಬಿ ತಣ್ಣಗಾಗಿ ಒತ್ತಡ ಇಳಿಯುತ್ತದೆ, ಸದ್ದು ಕುಗ್ಗುತ್ತದೆ. ಓರೆಯಾಗಿ ಹಿಡಿದರೆ ದ್ರವ ಗ್ಯಾಸೇ ಒಳಗೆ ನುಗ್ಗಿ ಕೂಗು ಒಡೆಯುತ್ತದೆ; ನೆಟ್ಟಗೆ ಹಿಡಿಯಬೇಕು. ಉಪ್ಪು ಕೂತರೆ ಒಳಗೆ ಕಂಪಿಸಿ ಸದ್ದು ಹೊರಡಿಸುವ ತೆಳು ಹಾಳೆ ಅಂಟಿಕೊಳ್ಳುತ್ತದೆ, ಹಾಗಾಗಿ ಕಹಳೆಯನ್ನು ಬಿಚ್ಚಿ ಸಿಹಿನೀರಲ್ಲಿ ತೊಳೆದು ಒಣಗಿಸಿ. ಪಕ್ಕದವನ ಕಿವಿಯ ಹತ್ತಿರ ಖಂಡಿತ ಒತ್ತಬೇಡಿ.

ಹಾರ್ನ್ ಇದೆ ಎಂದು ವೇಗ ಹೆಚ್ಚಿಸುವುದು ದೊಡ್ಡ ತಪ್ಪು. ಮಂಜಿನಲ್ಲಿ ‘ನನಗೆ ದಾರಿ ಮೊದಲು’ ಎನ್ನುವ ಹಕ್ಕು ಯಾರಿಗೂ ಇಲ್ಲ, ಹಾಯಿದೋಣಿಗೂ ಇಲ್ಲ. ಮುಂದುಗಡೆಯಿಂದ ಕೂಗು ಕೇಳಿದರೆ, ಡಿಕ್ಕಿಯ ಭಯವಿಲ್ಲ ಎಂದು ಖಚಿತವಾಗದಿದ್ದಲ್ಲಿ, ಚುಕ್ಕಾಣಿ ಹಿಡಿತಕ್ಕೆ ಬೇಕಾದಷ್ಟಕ್ಕೆ ವೇಗ ಇಳಿಸಿ. ಬೇಕಾದರೆ ಪೂರ್ತಿ ನಿಲ್ಲಿಸಿ. ಮಂಜು ಸದ್ದಿನ ದಿಕ್ಕನ್ನು ತಪ್ಪಿಸುತ್ತದೆ. ಅದನ್ನೇ ನಂಬಿ ತಿರುಗಿಸಬೇಡಿ. ಕೂಗು ಹಾಕಿದ ಮೇಲೆ ಎಂಜಿನ್ ತಗ್ಗಿಸಿ ಕಿವಿಗೊಡಿ. ಚಂದ್ರಗಿರಿಯ ಅಳಿವೆಯಲ್ಲಿ ಜಡಿಮಳೆ ಕವಿದಾಗಲೂ ಇವೇ ನಿಯಮ.

12 ಮೀಟರಿಗಿಂತ ಚಿಕ್ಕ ದೋಣಿಗೆ ಕಾನೂನು ಇಂಥದ್ದೇ ಸಿಳ್ಳೆ, ಮಂಜಿನಲ್ಲಿ ಇಂಥದ್ದೇ ಕೂಗು ಬೇಕೆನ್ನುವುದಿಲ್ಲ, ಎರಡು ನಿಮಿಷಕ್ಕೊಮ್ಮೆಯಾದರೂ ಚೆನ್ನಾಗಿ ಕೇಳಿಸುವಂತೆ ಸದ್ದು ಮಾಡುವ ಸಾಧನವಿದ್ದರಾಯಿತು. ಅದಕ್ಕಿಂತ ಉದ್ದದ ಬೋಟಿನವರು ಇದನ್ನು ಕೊಳ್ಳುವ ಬದಲು ಪ್ರಮಾಣಿತ ಸ್ಥಿರ ಹಾರ್ನ್ ಕೂರಿಸಲಿ. 20 ಮೀಟರ್ ದಾಟಿದರೆ ಬಾರಿಸುವ ಗಂಟೆಯೂ ಬೇಕು.

ಕೊಂಡರೆ ಜೊತೆಗೆ ಇನ್ನೊಂದು ಡಬ್ಬಿ, ಬಾಯಲ್ಲಿ ಊದುವ ಪ್ಲಾಸ್ಟಿಕ್ ಕಹಳೆಯೊಂದು ಇರಲಿ. ಡಬ್ಬಿ ಬಿಸಿಲಿಗೆ ಬೀಳದ ಪೆಟ್ಟಿಗೆಯಲ್ಲಿ, ಪೆಟ್ರೋಲ್ ಕ್ಯಾನಿನಿಂದ ದೂರ.