ಸಕ್ಕರೆ ಕಾಯಿಲೆಯ ಹಿರಿಯರಿಗೆ ವಿಡಿಯೊ ವೈದ್ಯರೋ, ರಾಯಚೂರಿನ ಬಸ್ಸೋ?

ಊರು ದೇವದುರ್ಗದ ಕಡೆ, ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದಾದರೆ ಮಾತ್ರೆ ಹೆಚ್ಚು ಕಡಿಮೆ ಮಾಡಿಸುವುದಕ್ಕೆಲ್ಲ ಏಪ್ರಿಲ್ ಬಿಸಿಲಲ್ಲಿ ರಾಯಚೂರಿಗೆ ಕರೆದೊಯ್ಯಬೇಕಿಲ್ಲ. ವಿಡಿಯೊದಲ್ಲೇ ವೈದ್ಯರನ್ನು ಕಾಣುವ ಸರ್ಕಾರದ ಇ-ಸಂಜೀವಿನಿ ಸೇವೆ ಉಚಿತ. ಗ್ಲುಕೋಮೀಟರ್ ತೋರಿಸಿದ ಅಂಕಿಯನ್ನು ತಾರೀಖು, ಊಟದ ಹೊತ್ತಿನೊಂದಿಗೆ ಬರೆದಿಟ್ಟರೆ ಕೆಲಸ ಸಲೀಸು. ಮೊಬೈಲ್ ಹಿಡಿದು, ಮಂದ ಕಿವಿಗೆ ಮಾತು ದಾಟಿಸಲು ಮನೆಯಲ್ಲೊಬ್ಬರು ಇರಬೇಕು, ಅಷ್ಟೆ.

ಪಾದದ ವಿಷಯದಲ್ಲಿ ಮಾತ್ರ ನಾನು ಪರದೆಯನ್ನು ನಂಬುವುದಿಲ್ಲ. ಸ್ಪರ್ಶಜ್ಞಾನ ಕಳೆದುಕೊಂಡ ಕಾಲಿಗೆ ಜಾಲಿಮುಳ್ಳು ಚುಚ್ಚಿದರೂ ತಿಳಿಯದು. ವೈದ್ಯರು ಅಂಗಾಲಿಗೆ ನೈಲಾನ್ ಎಳೆ ಒತ್ತಿ ಸ್ಪರ್ಶ ಪರೀಕ್ಷಿಸಿ, ಬೆರಳ ಸಂದಿ ಬಿಡಿಸಿ ನೋಡಬೇಕು. ಅದಕ್ಕೆ ಬಸ್ಸೇ ಗತಿ. ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲದ ತಪಾಸಣೆಯನ್ನೂ ಅದೇ ಓಡಾಟದಲ್ಲಿ ಮುಗಿಸಿಕೊಳ್ಳಿ.

ಸಕ್ಕರೆ 70ಕ್ಕಿಂತ ಇಳಿದು ಬೆವರು, ನಡುಕ ಬಂದರೆ ವಿಡಿಯೊಗೆ ಕಾಯದೆ ಗ್ಲೂಕೋಸ್ ನೀರು ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.