ಮಣ್ಣು ವಾಪಸ್ ತೆಗೆದುಕೊಳ್ಳುವ ಗಣಪತಿ ಅಂಗಡಿ

ಪುಣೆಯ ಕಸಬಾ ಪೇಠೆಯ ಕುಂಭಾರವಾಡೆಯಲ್ಲಿ ಗಣಪತಿ ಅಂಗಡಿಗಳಿಗೆ ಬರವಿಲ್ಲ. ನಾನು ಹೇಳುತ್ತಿರುವುದು ಒಳಗಿನ ಗಲ್ಲಿಯ ಸಣ್ಣ ಅಂಗಡಿಯೊಂದರ ಬಗ್ಗೆ. ಬೋರ್ಡು ಕೂಡ ಇಲ್ಲ. ಗಂಡ, ಹೆಂಡತಿ, ಮಗ ಸೇರಿ ನಡೆಸುತ್ತಾರೆ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಇಡುವುದೇ ಇಲ್ಲ, ಎಲ್ಲಾ ಶಾಡೂ ಅನ್ನುವ ಜೇಡಿಮಣ್ಣು. ಹಬ್ಬ ಮುಗಿದ ಮೇಲೆ ಕರಗಿದ ಮಣ್ಣನ್ನು ವಾಪಸ್ ತೆಗೆದುಕೊಳ್ಳುತ್ತಾರೆ. ನಾನು ಅಲ್ಲಿಗೆ ಹೋಗಿದ್ದೇ ಇದಕ್ಕೆ.

ಒಂಬತ್ತು ಇಂಚಿನ ಮೂರ್ತಿಗೆ 1,400 ರೂಪಾಯಿ, ಮಣ್ಣಿನ ಡಿಪಾಸಿಟ್ 100 ಬೇರೆ. ಅಷ್ಟೇ ಎತ್ತರದ ಪಿಒಪಿ ಮೂರ್ತಿ ದೊಡ್ಡ ರಸ್ತೆಯಲ್ಲಿ 600ಕ್ಕೆ ಸಿಗುತ್ತದೆ. ಚೌಕಾಸಿ ನಡೆಯಲ್ಲ. ಬಣ್ಣ ಅಂದರೆ ಕೆಮ್ಮಣ್ಣು, ಅರಿಶಿನ, ಅಷ್ಟೇ. ಹೊಳಪು ಬೇಕು ಅನ್ನುವವರು ಬೇರೆ ಕಡೆ ನೋಡಿ. ಕಣ್ಣು ಬರೆಯುವುದು ಮಾತ್ರ ಆ ಹೆಂಗಸೇ. ಅದಕ್ಕೆ ನಾನು ಇನ್ನೂರು ಜಾಸ್ತಿ ಕೊಟ್ಟೇನು.

ಪ್ಯಾಕಿಂಗ್ ತೀರಾ ಕಳಪೆ. ಹಳೆ ಪೇಪರು, ಮೇಲೊಂದು ರಟ್ಟು. ಮಣ್ಣಿನ ಮೂರ್ತಿ ಭಾರ ಇರುತ್ತದೆ, ಸ್ಕೂಟರಿನ ಹಿಂದೆ ಮಡಿಲಲ್ಲಿ ಇಟ್ಟುಕೊಂಡು ಕೋಥ್ರೂಡಿನ ನಮ್ಮ ಮನೆ ತಲುಪುವಷ್ಟರಲ್ಲಿ ಎಡಗೈಯ ಬೆರಳೊಂದು ಮುರಿದಿತ್ತು. ಫೋನ್ ಮಾಡಿದರೆ, ಒಂಚೂರು ಮಣ್ಣು ಕಲಸಿ ಹಚ್ಚಿ ಅಂದರು. ಮೂರನೇ ಮಹಡಿಯಲ್ಲಿ ಮಣ್ಣು ಎಲ್ಲಿಂದ ತರಲಿ? ಅತ್ತೆಯವರು ಗೋಧಿಹಿಟ್ಟಿನಲ್ಲಿ ಬೆರಳು ಮಾಡಿ ಅಂಟಿಸಿದರು. ಪ್ರಾಣಪ್ರತಿಷ್ಠೆ ಇನ್ನೂ ಆಗಿಲ್ಲ, ನಡೆಯುತ್ತೆ ಬಿಡು ಅಂದರು.

ಕರಗುವ ವಿಷಯದಲ್ಲಿ ಪೂರ್ತಿ ಅಂಕ. ರಾತ್ರಿ ಬಕೆಟ್ಟಿನಲ್ಲಿ ಬಿಟ್ಟರೆ ಬೆಳಿಗ್ಗೆ ಬರೀ ಕೆಸರು. ಕೆಳಗಿನ ಮನೆಯ ಕಾಕು ಪಿಒಪಿ ತಂದಿದ್ದರು. ಅದು ಜಿಪ್ಸಮ್. ಒಂದು ಲೀಟರ್ ನೀರಿನಲ್ಲಿ ಕರಗುವುದು ಎರಡು ಗ್ರಾಂ ಆಸುಪಾಸು ಮಾತ್ರ. ಅಂದರೆ ಎರಡು ಕಿಲೋ ಮೂರ್ತಿಗೆ ಸಾವಿರ ಲೀಟರ್ ನೀರು ಬೇಕು. ಅದಕ್ಕೇ ಪುಣೆಯ ಪಾಷಾಣ್ ಬಡಾವಣೆಯ ನ್ಯಾಷನಲ್ ಕೆಮಿಕಲ್ ಲ್ಯಾಬೊರೇಟರಿಯವರು ಒಂದು ದಾರಿ ಹುಡುಕಿದರು. ಅಮೋನಿಯಂ ಬೈಕಾರ್ಬನೇಟ್ ಬೆರೆಸಿದ ನೀರಿನಲ್ಲಿ ಇಟ್ಟರೆ ಮೂರ್ತಿ ಒಡೆದುಹೋಗುತ್ತದೆ. ಮೇಲಿನ ನೀರಿನಲ್ಲಿ ಅಮೋನಿಯಂ ಸಲ್ಫೇಟ್, ಗಿಡಕ್ಕೆ ಗೊಬ್ಬರ. ಅಡಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನಂಥ ಪುಡಿ. ಪುಣೆ ಕಾರ್ಪೊರೇಷನ್ ಈ ಅಮೋನಿಯಂ ಬೈಕಾರ್ಬನೇಟನ್ನು ಪುಕ್ಕಟೆ ಹಂಚಿದೆ. ಕೆಲಸ ಮಾಡುತ್ತದೆ, ಆದರೆ ಆಗಾಗ ಕೈಯಾಡಿಸಬೇಕು. ಕಾಕು ಇಟ್ಟಿದ್ದರ ಘಾಟು ನಮ್ಮ ಬಾಲ್ಕನಿವರೆಗೂ ಬಂತು.

ಹಾಗಂತ ಮಣ್ಣಿನದನ್ನು ನದಿಗೆ ಬಿಡಬಹುದು ಅಂತಲ್ಲ. ಮಣ್ಣಾದರೂ ಹೂಳು ಹೂಳೇ. ಈ ಶಾಡೂ ಮಣ್ಣು ಗುಜರಾತಿನಿಂದ ಲಾರಿಯಲ್ಲಿ ಬರುತ್ತದೆ, ಯಾರದೋ ನೆಲ ಅಗೆದು ತಂದದ್ದು. ಪ್ರತಿ ವರ್ಷ ಹೊಸದಾಗಿ ಅಗೆಯುವುದು, ಪ್ರತಿ ವರ್ಷ ನೀರಿಗೆ ಚೆಲ್ಲುವುದು, ಇದನ್ನು ಪರಿಸರ ಸ್ನೇಹಿ ಅಂತ ಹೇಗೆ ಕರೆಯುವುದು? ವಾಪಸ್ ತೆಗೆದುಕೊಳ್ಳುವ ಪದ್ಧತಿಗೆ ನಾನು ಬೆಲೆ ಕೊಡುವುದು ಇದಕ್ಕೇ.

ನಾನು ಇಂಡಿ ತಾಲೂಕಿನವಳು, ಭೀಮಾ ನದಿ ಕಡೆಯವಳು. ಪುಣೆಯ ಮುಠಾ ನದಿ ಮುಳಾ ನದಿಯನ್ನು ಸೇರಿ, ಮುಳಾ-ಮುಠಾ ಭೀಮೆಯನ್ನು ಸೇರಿ, ಉಜನಿ ಅಣೆಕಟ್ಟು ದಾಟಿ ನಮ್ಮ ಕಡೆಗೇ ಬರುತ್ತದೆ. ಕಾಕು ವರ್ಷಕ್ಕೊಮ್ಮೆ ಗಾಣಗಾಪುರಕ್ಕೆ ಹೋಗಿ ಸಂಗಮದಲ್ಲಿ ಮುಳುಗುತ್ತಾರಲ್ಲ, ಅದೂ ಭೀಮೆಯೇ. ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ವರ್ಷ ನಿನ್ನ ಅಂಗಡಿ ತೋರಿಸು ಅಂದರು. 600 ರೂಪಾಯಿಯ ಮೂರ್ತಿ ಕೊಳ್ಳುವವರನ್ನು ಬೈಯುವುದು ನನಗೆ ಇಷ್ಟವಿಲ್ಲ. ದುಪ್ಪಟ್ಟಿಗಿಂತ ಜಾಸ್ತಿ ದುಡ್ಡು ಎಲ್ಲರ ಹತ್ತಿರ ಇರಲ್ಲ. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪಿಒಪಿ ಬೇಡ ಎಂದಿತು. 2025ರಲ್ಲಿ ಬಾಂಬೆ ಹೈಕೋರ್ಟ್ ಮಾಡಲು, ಮಾರಲು ಬಿಟ್ಟಿತು, ಆದರೆ ಆರು ಅಡಿವರೆಗಿನ ಪಿಒಪಿ ಮೂರ್ತಿಗಳು 2026ರ ಮಾರ್ಚ್‌ವರೆಗೆ ಕೃತಕ ತೊಟ್ಟಿಗೇ ಹೋಗಬೇಕು ಎಂದಿತು.

ಅಂಗಡಿಯ ದೊಡ್ಡ ತಪ್ಪು ಬೇರೆ. ಮಣ್ಣು ತೆಗೆದುಕೊಳ್ಳುವುದು ವಾರದ ದಿನಗಳಲ್ಲಿ, ಬೆಳಿಗ್ಗೆ ಹತ್ತರಿಂದ ಐದರವರೆಗೆ. ನೌಕರಿ ಮಾಡುವವರು ಯಾವಾಗ ಒಯ್ಯಬೇಕು? ನಮ್ಮ ಸೊಸೈಟಿಯಲ್ಲಿ ಮಣ್ಣಿನ ಗಣಪತಿ ತಂದವರೆಲ್ಲ ಸೇರಿ ಒಂದು ಟೆಂಪೋ ಮಾಡಿ ಕಳಿಸಿದೆವು. ಹೂ, ದೂರ್ವೆ, ದಾರ ಎಲ್ಲ ತೆಗೆದು ಬರೀ ಮಣ್ಣು ಕೊಡಬೇಕು, ಇಲ್ಲದಿದ್ದರೆ ಆ ಯಜಮಾನರು ಮುಖ ಗಂಟು ಹಾಕುತ್ತಾರೆ. ಡಿಪಾಸಿಟ್ ಮಾತ್ರ ತಕರಾರಿಲ್ಲದೆ ಕೊಟ್ಟರು.

ಅಂಗಡಿಗೆ ಐದಕ್ಕೆ ನಾಲ್ಕು ಅಂಕ. ಗಣಪತಿಯ ಹಿಂದಿನ ದಿನ ನಾವು ಕೂರಿಸುವ ಗೌರಿ ಇಲ್ಲಿ ಸಿದ್ಧ ಸಿಗಲ್ಲ, ಇಲ್ಲಿಯವರದು ಮುಖವಾಡದ ಗೌರಿ. ಬೇಕಿದ್ದವರು ಆಷಾಢದಲ್ಲೇ ಹೋಗಿ ಫೋಟೊ ತೋರಿಸಿ, ಮಾಡಿಕೊಡುತ್ತಾರೆ. ರಟ್ಟಿನ ಡಬ್ಬಿ, ಹಳೆ ಸೀರೆ ನೀವೇ ಒಯ್ಯಿರಿ. ಯುಪಿಐ ಇದೆ, ಪಾರ್ಕಿಂಗ್ ಇಲ್ಲ.