ಪ್ರೊಪೊಫಾಲ್‌ಗೆ ಅಂಕ ಕೊಡಬಹುದು, ಕ್ಯಾನ್ಸರ್ ಕಾರಣಕ್ಕಲ್ಲ

ಕೊಡಗಿನಿಂದ ಮೈಸೂರಿಗೋ ಬೆಂಗಳೂರಿಗೋ ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಹೊರಟವರ ಕಿವಿಗೆ ಬೀಳುವ ಮಾತು: ಅರಿವಳಿಕೆಗೆ ಸೆವೊಫ್ಲುರೇನ್ ಗ್ಯಾಸ್ ಕೊಟ್ಟರೆ ಗಡ್ಡೆ ಮರಳುತ್ತದೆ, ರಕ್ತನಾಳಕ್ಕೆ ಹಾಕುವ ಪ್ರೊಪೊಫಾಲ್ ಒಳ್ಳೆಯದು. 2016ರ ಲಂಡನ್ ವರದಿಯೊಂದು ಇದಕ್ಕೆ ಬಲ ಕೊಟ್ಟಿತು. ಆದರೆ ಅದು ಹಳೆಯ ದಾಖಲೆಗಳ ಲೆಕ್ಕ; ಯಾರಿಗೆ ಯಾವುದೆಂದು ಚೀಟಿ ಎತ್ತಿ ಹಂಚಿದ್ದಲ್ಲ. 2019ರಲ್ಲಿ ಹಾಗೆ ಹಂಚಿ ನೋಡಿದರು: ಎರಡು ಸಾವಿರಕ್ಕೂ ಹೆಚ್ಚು ಹೆಂಗಸರು, ಒಂದು ಗುಂಪಿಗೆ ಬೆನ್ನುಮೂಳೆ ಪಕ್ಕದ ಬ್ಲಾಕ್ (ಎದೆ ಭಾಗ ಮರಗಟ್ಟಿಸುವ ಚುಚ್ಚುಮದ್ದು) ಜೊತೆ ಪ್ರೊಪೊಫಾಲ್, ಇನ್ನೊಂದಕ್ಕೆ ಸೆವೊಫ್ಲುರೇನ್ ಮತ್ತು ಓಪಿಯಾಯ್ಡ್ (ಮಾರ್ಫಿನ್ ಜಾತಿಯ ನೋವಿನ ಮದ್ದು). ಎರಡರಲ್ಲೂ ನೂರಕ್ಕೆ ಸುಮಾರು 10 ಮಂದಿಗೆ ಕ್ಯಾನ್ಸರ್ ಮರಳಿತು. ಈ ಕಾಲಂನಲ್ಲಿ ಪ್ರೊಪೊಫಾಲ್‌ಗೆ ಸೊನ್ನೆ.

ವಾಂತಿ, ಓಕರಿಕೆ ಕಡಿಮೆ ಎಂಬುದರಲ್ಲಿ ಮಾತ್ರ ಅದಕ್ಕೆ ಪೂರ್ತಿ ಅಂಕ. ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಯಾರಿಗಾದರೂ ಅರಿವಳಿಕೆ ಹೊತ್ತಿನಲ್ಲಿ ಮೈ ವಿಪರೀತ ಕಾದು ಸ್ನಾಯು ಸೆಟೆದಿದ್ದರೆ ಗ್ಯಾಸ್ ಬೇಡವೇ ಬೇಡ. ಅದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು.

ಕೊರತೆಯೂ ಇದೆ. ಗ್ಯಾಸ್ ಎಷ್ಟು ಹೋಗುತ್ತಿದೆ ಎಂದು ಮಾನಿಟರ್ ಉಸಿರುಸಿರಿಗೂ ತೋರಿಸುತ್ತದೆ. ಪ್ರೊಪೊಫಾಲ್‌ಗೆ ಅಂಥ ಮೀಟರ್ ಇಲ್ಲ. 50 ಕೆ.ಜಿ. ತೂಕದವರಿಗೆ ನಿಮಿಷಕ್ಕೆ ಕೆ.ಜಿ.ಗೆ 150 ಮೈಕ್ರೋಗ್ರಾಂ ಹರಿಸಿದರೆ ಗಂಟೆಗೆ 45 ಎಂ.ಎಲ್., ಅಂದರೆ 20 ಎಂ.ಎಲ್. ವಯಲ್ ಎರಡು ಮುಗಿದು ಮೂರನೆಯದು ಒಡೆಯಬೇಕು. ಕೈಯ ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಕೊಳವೆ) ಹಸಿರು ಬಟ್ಟೆಯಡಿ ಸರಿದರೆ ಮದ್ದು ಹಾಸಿಗೆಗೆ ಹೋಗುತ್ತದೆ, ಸ್ನಾಯು ಸಡಿಲಿಸುವ ಮದ್ದಿನಿಂದ ಅಲುಗಾಡಲಾಗದ ರೋಗಿಗೆ ಎಚ್ಚರವಾಗುತ್ತದೆ. ಹಾಗಾಗಿ ಕ್ಯಾನುಲಾ ಕಣ್ಣಿಗೆ ಕಾಣುವಂತಿರಬೇಕು, ಮಂಪರಿನ ಆಳವನ್ನು ಮಿದುಳಿನ ಅಲೆಗಳಿಂದ ಅಳೆಯುವ ಬಿಐಎಸ್ ಪಟ್ಟಿ ಹಣೆಯಲ್ಲಿದ್ದು ಅಂಕಿ 40ರಿಂದ 60ರೊಳಗಿರಬೇಕು. ಮಳೆಗಾಲದ ಕರೆಂಟು ನಂಬಿ ಮದ್ದು ಹರಿಸುವ ಪಂಪಿನ ಬ್ಯಾಟರಿ ನೋಡದಿರುವುದು ಶುದ್ಧ ಉಡಾಫೆ.

ಕ್ಯಾನ್ಸರ್ ಲೆಕ್ಕದಲ್ಲಿ ನಿಜಕ್ಕೂ ಗಮನ ಸೆಳೆದದ್ದು ಚುಚ್ಚಿದ ಜಾಗವನ್ನಷ್ಟೇ ಮರಗಟ್ಟಿಸುವ ಅಗ್ಗದ ಲಿಡೊಕೇನ್. ಟಾಟಾ ಮೆಮೋರಿಯಲ್ ನೇತೃತ್ವದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕತ್ತರಿಸುವ 7–10 ನಿಮಿಷ ಮೊದಲು 0.5% ಲಿಡೊಕೇನನ್ನು ಗಡ್ಡೆಯ ಸುತ್ತ ಚುಚ್ಚಿದರು. ಐದು ವರ್ಷಕ್ಕೆ ಬದುಕಿದ್ದವರು 86.4%ರಿಂದ 90.1%ಕ್ಕೆ ಏರಿದರು. ಒಂದೇ ಪ್ರಯೋಗ, ಆರಂಭದ ಹಂತದ ಸ್ತನ ಕ್ಯಾನ್ಸರಿಗೆ ಮಾತ್ರ. ಆದರೂ ಸರ್ಜನ್ನರನ್ನು ಕೇಳಬೇಕಾದ ಪ್ರಶ್ನೆ ಇದು. ಮಿತಿ ಕೆ.ಜಿ.ಗೆ 4.5 ಮಿ.ಗ್ರಾಂ, 50 ಕೆ.ಜಿ.ಗೆ 45 ಎಂ.ಎಲ್. ಅದೇ ಹೊತ್ತಿಗೆ ಬ್ಲಾಕ್ ಕೂಡ ಹಾಕಿದರೆ ಎರಡೂ ಮದ್ದನ್ನು ಒಟ್ಟಿಗೆ ಲೆಕ್ಕ ಹಿಡಿಯಬೇಕು. ಮೀರಿದರೆ ಹೃದಯದ ಬಡಿತ ತಪ್ಪಬಹುದು. ಅದಕ್ಕೆ ಪ್ರತಿಮದ್ದಾದ ಕೊಬ್ಬಿನ ದ್ರಾವಣ, 20% ಇಂಟ್ರಾಲಿಪಿಡ್, ಕೈಗೆಟಕುವಲ್ಲಿರಲಿ.

ಯಾವುದೇ ಮದ್ದಾದರೂ ಹೊಟ್ಟೆ ಖಾಲಿಯಿರಬೇಕು: ಪಂದಿ ಕರಿಗೆ 8 ಗಂಟೆ, ಹಾಲಿನ ಕಾಫಿಗೆ 6, ಹಾಲಿಲ್ಲದೆ ಸೋಸಿದ ಬೆಲ್ಲದ ಕಾಫಿಗೆ 2.